ಪಿಂಗ್ ಹೋಗುತ್ತದೆ, ಪೇಜ್ ತೆರೆಯುವುದಿಲ್ಲ: ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ನೆಟ್ ಮತ್ತು ಗಡಿಯಾರ

ನಿಮ್ಮಲ್ಲಿ ಲಿನಕ್ಸ್ ಬಳಸುವ ಹಲವರು ಈ ಸ್ಥಿತಿಯನ್ನು ನೋಡಿರುತ್ತೀರಿ. ವೈಫೈ ಚಿಹ್ನೆ ಪೂರ್ತಿ ಇದೆ. ಪಿಂಗ್ ಮಾಡಿದರೆ, ಅಂದರೆ ಇನ್ನೊಂದು ಕಂಪ್ಯೂಟರಿಗೆ ಸಣ್ಣ ಪ್ಯಾಕೆಟ್ ಕಳಿಸಿ ನೋಡಿದರೆ, ಉತ್ತರ ಬರುತ್ತದೆ. ಆದರೆ ಬ್ರೌಸರ್ ತೆರೆದರೆ ಸಂಪರ್ಕ ಸುರಕ್ಷಿತವಲ್ಲ ಎಂಬ ದೊಡ್ಡ ಎಚ್ಚರಿಕೆ. ಒಂದು ಸೈಟ್ ತೆರೆಯುತ್ತದೆ, ಪಕ್ಕದ ಟ್ಯಾಬಿನದು ತೆರೆಯುವುದಿಲ್ಲ. ಅಪ್‌ಡೇಟ್ ಮಾಡೋಣ ಅಂತ ಹೋದರೆ ಅಪ್‌ಡೇಟ್ ತರುವ ಆಪ್ಟ್ ಕಮಾಂಡ್ ಕೂಡ ತಕರಾರು ಮಾಡುತ್ತದೆ. ಆಗ ಜನ ಏನು ಮಾಡುತ್ತಾರೆ? ರೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಸೈಟಿನ ಹೆಸರಿಗೆ ನಂಬರು ಹುಡುಕಿಕೊಡುವ ಡಿಎನ್‌ಎಸ್ ಬದಲಿಸುತ್ತಾರೆ. ಬ್ರೌಸರ್ ತೆಗೆದು ಮತ್ತೆ ಹಾಕುತ್ತಾರೆ. ಕೊನೆಗೆ ಇಡೀ ಸಿಸ್ಟಮ್ಮನ್ನೇ ಹೊಸದಾಗಿ ಹಾಕಿದವರೂ ಇದ್ದಾರೆ. ಪರದೆಯ ಮೂಲೆಯಲ್ಲಿರುವ ಗಡಿಯಾರವನ್ನು ಮಾತ್ರ ಯಾರೂ ನೋಡಿರುವುದಿಲ್ಲ.

ನೆಟ್ಟಿಗೂ ಗಡಿಯಾರಕ್ಕೂ ಏನು ಸಂಬಂಧ ಅಂತ ಅನ್ನಿಸುತ್ತದೆ ಅಲ್ವಾ? ಸಂಬಂಧ ಎರಡು ಕಡೆಯಿಂದಲೂ ಇದೆ. ಗಡಿಯಾರ ಸರಿ ಇರಬೇಕಾದರೆ ನೆಟ್ ಬೇಕು. ನೆಟ್ ಪೂರ್ತಿ ಕೆಲಸ ಮಾಡಬೇಕಾದರೆ ಗಡಿಯಾರ ಸರಿ ಇರಬೇಕು. ಇವೆರಡೂ ಒಂದನ್ನೊಂದು ಹಿಡಿದುಕೊಂಡಿವೆ. ಒಂದು ಬಿದ್ದರೆ ಇನ್ನೊಂದನ್ನೂ ಎಳೆದುಕೊಂಡು ಬೀಳುತ್ತದೆ. ಈ ಸುತ್ತನ್ನು ಎಲ್ಲಿ ಕಡಿಯಬೇಕು ಅನ್ನುವುದು ಗೊತ್ತಾದರೆ ಅರ್ಧ ದಿನದ ಪರದಾಟ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಅದನ್ನೇ.

ಆದರೆ ಗಡಿಯಾರಕ್ಕೆ ಹೋಗುವ ಮುಂಚೆ ನೆಟ್ ನಿಜವಾಗಿ ಎಲ್ಲಿಯವರೆಗೆ ಇದೆ ಅಂತ ನೋಡಬೇಕು. ಹತ್ತಿರದಿಂದ ಶುರು ಮಾಡಿ ದೂರಕ್ಕೆ ಹೋಗೋಣ. ಈ ಹಂತದಲ್ಲಿ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ, ಸುಮ್ನೆ ನೋಡಿ. ಏನನ್ನಾದರೂ ಬದಲಿಸಿಬಿಟ್ಟರೆ ಮೂಲ ತೊಂದರೆ ಯಾವುದು, ನೀವು ಸೇರಿಸಿದ ತೊಂದರೆ ಯಾವುದು ಅಂತ ಆಮೇಲೆ ಗೊತ್ತಾಗುವುದಿಲ್ಲ.

ಮೊದಲ ಪ್ರಶ್ನೆ, ವೈಫೈ ಅಥವಾ ಕೇಬಲ್ ಸಿಸ್ಟಮ್ಮಿಗೆ ಕಾಣಿಸುತ್ತಿದೆಯಾ? ಟರ್ಮಿನಲ್‌ನಲ್ಲಿ ಎನ್‌ಎಂಸಿಎಲ್‌ಐ ಡಿವೈಸ್ ಅಂತ ಕೊಡಿ. ನೆಟ್‌ವರ್ಕ್ ಮ್ಯಾನೇಜರ್ ತನಗೆ ಗೊತ್ತಿರುವ ಕಾರ್ಡುಗಳನ್ನೆಲ್ಲ ತೋರಿಸಿ, ಪ್ರತಿಯೊಂದರ ಮುಂದೆ ಅದರ ಸ್ಥಿತಿ ಹೇಳುತ್ತದೆ. ವೈಫೈ 'ಅನ್‌ಅವೈಲಬಲ್' ಅಂತ ಇದ್ದರೆ ಆರ್‌ಎಫ್‌ಕಿಲ್ ಲಿಸ್ಟ್ ಅಂತ ಕೊಟ್ಟು ನೋಡಿ. ಅಲ್ಲಿ ಸಾಫ್ಟ್ ಬ್ಲಾಕ್, ಹಾರ್ಡ್ ಬ್ಲಾಕ್ ಅಂತ ಎರಡು ಸಾಲು ಬರುತ್ತವೆ. ಸಾಫ್ಟ್ ಬ್ಲಾಕ್ ಆಗಿದ್ದರೆ ಕಮಾಂಡಿನಿಂದಲೇ ತೆಗೆಯಬಹುದು. ಹಾರ್ಡ್ ಬ್ಲಾಕ್ ಆಗಿದ್ದರೆ ಲ್ಯಾಪ್‌ಟಾಪ್ ಮೇಲಿನ ಸ್ವಿಚ್ಚು, ಕೀಬೋರ್ಡಿನ ವೈಫೈ ಕೀ ಅಥವಾ ಬಯಾಸ್ ಸೆಟ್ಟಿಂಗ್ ನೋಡಬೇಕು. ಅದನ್ನು ಯಾವ ಕಮಾಂಡೂ ತೆಗೆಯಲಾರದು.

ಎರಡನೆಯದು, ವಿಳಾಸ ಸಿಕ್ಕಿದೆಯಾ? ಐಪಿ ಅಂತ ಬರೆದು, ಜಾಗ ಬಿಟ್ಟು, ಎ ಅಂತ ಒಂದೇ ಅಕ್ಷರ. ನಿಮ್ಮ ಕಾರ್ಡಿಗೆ ಸಿಕ್ಕಿರುವ ಐಪಿ ವಿಳಾಸ ಕಾಣಿಸುತ್ತದೆ. ಅದು 169.254 ಅಂತ ಶುರುವಾಗಿದ್ದರೆ ರೂಟರಿನಿಂದ ವಿಳಾಸ ಬಂದಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಹಾಕಿಕೊಂಡಿದೆ ಅಂತ ಅರ್ಥ. ಆ ವಿಳಾಸ ಇಟ್ಟುಕೊಂಡು ಇಂಟರ್ನೆಟ್ಟಿಗೆ ಹೋಗಲು ಆಗುವುದಿಲ್ಲ. ಇಲ್ಲಿ ಡಿಎನ್‌ಎಸ್ ಬದಲಿಸಿ ಏನೂ ಪ್ರಯೋಜನ ಇಲ್ಲ, ರೂಟರ್ ವಿಳಾಸ ಹಂಚುವ ಡಿಎಚ್‌ಸಿಪಿ ಯಾಕೆ ಬರುತ್ತಿಲ್ಲ ಅನ್ನುವುದನ್ನೇ ನೋಡಬೇಕು.

ಮೂರನೆಯದು ದಾರಿ. ಐಪಿ ರೂಟ್ ಅಂತ ಕೊಟ್ಟರೆ ಡಿಫಾಲ್ಟ್ ಅಂತ ಶುರುವಾಗುವ ಒಂದು ಸಾಲು ಬರಬೇಕು. ಅದರಲ್ಲಿರುವುದು ನಿಮ್ಮ ಗೇಟ್‌ವೇ, ಸಾಮಾನ್ಯವಾಗಿ ಅದು ನಿಮ್ಮ ರೂಟರೇ. ಮೊದಲು ಅದಕ್ಕೆ ಪಿಂಗ್ ಮಾಡಿ. ಆಮೇಲೆ 1.1.1.1 ಅಥವಾ 9.9.9.9 ಥರದ ಹೊರಗಿನ ಒಂದು ವಿಳಾಸಕ್ಕೆ ಪಿಂಗ್ ಮಾಡಿ. ಗೇಟ್‌ವೇಗೆ ಹೋಗಿ ಹೊರಗೆ ಹೋಗದಿದ್ದರೆ ತೊಂದರೆ ರೂಟರಿನ ಆಚೆ ಇದೆ, ನಿಮ್ಮ ಲಿನಕ್ಸಿನದಲ್ಲ. ಒಂದು ಎಚ್ಚರಿಕೆ ಮಾತ್ರ ಇಟ್ಟುಕೊಳ್ಳಿ. ಕೆಲವು ನೆಟ್‌ವರ್ಕುಗಳಲ್ಲಿ ಪಿಂಗನ್ನೇ ತಡೆದಿರುತ್ತಾರೆ. ಪಿಂಗ್ ಬಂದರೆ ದಾರಿ ಇದೆ ಅಂತ ಧೈರ್ಯವಾಗಿ ಹೇಳಬಹುದು. ಬರದಿದ್ದರೆ ದಾರಿ ಇಲ್ಲವೇ ಇಲ್ಲ ಅಂತ ಹೇಳಲು ಆಗುವುದಿಲ್ಲ.

ನಾಲ್ಕನೆಯದು ಹೆಸರು. ನಂಬರಿಗೆ ಪಿಂಗ್ ಹೋಗುತ್ತದೆ, ಸೈಟಿನ ಹೆಸರಿಗೆ ಹೋಗುವುದಿಲ್ಲ ಅಂದರೆ ಡಿಎನ್‌ಎಸ್. ರಿಸಾಲ್ವ್‌ಸಿಟಿಎಲ್ ಸ್ಟೇಟಸ್ ಅಂತ ಕೊಟ್ಟರೆ ಯಾವ ಕಾರ್ಡಿಗೆ ಯಾವ ಡಿಎನ್‌ಎಸ್ ಸರ್ವರ್ ಇದೆ ಅಂತ ಗೊತ್ತಾಗುತ್ತದೆ. ಇಲ್ಲಿ ಜಾಸ್ತಿ ಜನ ತಪ್ಪು ತಿಳಿಯುವ ಒಂದು ವಿಷಯ ಇದೆ. ಇಟಿಸಿ ಫೋಲ್ಡರಿನ ರಿಸಾಲ್ವ್ ಡಾಟ್ ಕಾನ್ಫ್ ಫೈಲ್ ತೆರೆದಾಗ 127.0.0.53 ಅಂತ ಕಾಣುತ್ತದೆ. ಇದೇನೋ ತಪ್ಪು ವಿಳಾಸ ಅಂತ ಅಳಿಸಿ ಬೇರೆ ಬರೆಯುತ್ತಾರೆ. ಅದು ತಪ್ಪಲ್ಲ. ಸಿಸ್ಟಮ್‌ಡಿ ರಿಸಾಲ್ವ್‌ಡಿ ಇರುವ ಕಂಪ್ಯೂಟರಿನಲ್ಲಿ ಅದು ಇರಬೇಕಾದ ವಿಳಾಸವೇ. ನಿಮ್ಮ ಕಂಪ್ಯೂಟರಿನ ಒಳಗೇ ಒಂದು ಸಣ್ಣ ಡಿಎನ್‌ಎಸ್ ಸೇವೆ ಕೂತಿದೆ, ಅದು ಹೊರಗಿನ ಸರ್ವರನ್ನು ಕೇಳುತ್ತದೆ. ನೀವು ಕೈಯಿಂದ ಬರೆದದ್ದು ಮುಂದಿನ ಸಲ ನೆಟ್ ಸೇರಿದಾಗ ಅಳಿಸಿಹೋಗಬಹುದು, ಆಗ ಯಾಕೆ ಹೀಗಾಯಿತು ಅಂತ ಇನ್ನೊಂದು ಗೊಂದಲ ಶುರುವಾಗುತ್ತದೆ.

ಈ ನಾಲ್ಕೂ ಸರಿ ಇದ್ದು ಪೇಜ್ ಮಾತ್ರ ತೆರೆಯುತ್ತಿಲ್ಲ ಅಂದರೆ ಗಡಿಯಾರದ ಕಡೆ ತಿರುಗಿ. ಇಲ್ಲಿಯವರೆಗೆ ನೋಡಿದ ಯಾವುದಕ್ಕೂ ಸಾಮಾನ್ಯವಾಗಿ ಸರಿಯಾದ ತಾರೀಖು ಬೇಡ ಅನ್ನುವುದನ್ನು ಗಮನಿಸಿ. ಪಾಸ್‌ವರ್ಡ್ ಹಾಕಿ ಸೇರುವ ಮಾಮೂಲಿ ವೈಫೈಗೆ ಇವತ್ತು ಯಾವ ದಿನ ಅಂತ ಗೊತ್ತಿರಬೇಕಾಗಿಲ್ಲ. ಡಿಎಚ್‌ಸಿಪಿಗೆ ಬೇಡ, ಪಿಂಗಿಗೆ ಬೇಡ. ಅದಕ್ಕೇ ಗಡಿಯಾರ ಐದು ವರ್ಷ ಹಿಂದಿದ್ದರೂ ಪಿಂಗ್ ಚೆನ್ನಾಗಿಯೇ ಹೋಗುತ್ತದೆ, ನೀವು ನೆಟ್ ಸರಿ ಇದೆ ಅಂದುಕೊಳ್ಳುತ್ತೀರಿ.

ತಾರೀಖು ಬೇಕಾಗುವುದು ಸೈಟಿನ ಜೊತೆ ಸುರಕ್ಷಿತ ಸಂಪರ್ಕ ಮಾಡುವ ಎಚ್‌ಟಿಟಿಪಿಎಸ್‌ಗೆ. ಪ್ರತಿ ಸೈಟೂ ಒಂದು ಸರ್ಟಿಫಿಕೇಟ್ ತೋರಿಸುತ್ತದೆ. ಅದರಲ್ಲಿ ಎರಡು ತಾರೀಖು ಇರುತ್ತವೆ, ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಮಾತ್ರ ಚಾಲ್ತಿ ಅಂತ. ಬ್ರೌಸರ್ ಈ ಎರಡನ್ನೂ ನಿಮ್ಮ ಕಂಪ್ಯೂಟರಿನ ಗಡಿಯಾರದ ಜೊತೆ ಹೋಲಿಸುತ್ತದೆ. ಹೊತ್ತು ಹೊರಗೆ ಬಿದ್ದರೆ ಸೈಟನ್ನು ನಂಬುವುದಿಲ್ಲ. ಕ್ರೋಮಿಯಂನಲ್ಲಿ ಎಚ್ಚರಿಕೆಯ ಕೆಳಗೆ ಸಣ್ಣದಾಗಿ ಸರ್ಟ್ ಡೇಟ್ ಇನ್‌ವ್ಯಾಲಿಡ್ ಅಂತ ಇರುತ್ತದೆ, ಕೆಲವು ಸಲ ನಿಮ್ಮ ಗಡಿಯಾರ ಹಿಂದಿದೆ ಅಂತ ನೇರವಾಗಿಯೇ ಹೇಳುತ್ತದೆ. ಆ ಸಣ್ಣ ಅಕ್ಷರಗಳನ್ನು ದಯವಿಟ್ಟು ಓದಿ.

ಒಂದು ಸೈಟ್ ತೆರೆದು ಇನ್ನೊಂದು ಯಾಕೆ ತೆರೆಯುವುದಿಲ್ಲ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ನಿಮ್ಮ ಗಡಿಯಾರ ಮೂರು ದಿನ ಹಿಂದಿದೆ ಅಂತ ಇಟ್ಟುಕೊಳ್ಳಿ. ಒಂದು ತಿಂಗಳ ಹಿಂದೆ ಸರ್ಟಿಫಿಕೇಟ್ ಪಡೆದ ಸೈಟ್ ಏನೂ ತೊಂದರೆ ಇಲ್ಲದೆ ತೆರೆಯುತ್ತದೆ. ನಿನ್ನೆ ಹೊಸ ಸರ್ಟಿಫಿಕೇಟ್ ಪಡೆದ ಸೈಟು ನಿಮ್ಮ ಕಂಪ್ಯೂಟರಿನ ಲೆಕ್ಕದಲ್ಲಿ ಇನ್ನೂ ಚಾಲ್ತಿಗೇ ಬಂದಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಶುರುವಿನಿಂದ 90 ದಿನದ ಸರ್ಟಿಫಿಕೇಟ್ ಕೊಡುತ್ತಾ ಬಂದಿದೆ. ಅಂದರೆ ಗಡಿಯಾರ ಮೂರು ತಿಂಗಳಿಗಿಂತ ಜಾಸ್ತಿ ಮುಂದೆ ಹೋದರೆ ಅಂಥ ಸೈಟುಗಳಲ್ಲಿ ಒಂದೂ ತೆರೆಯುವುದಿಲ್ಲ. ಈ ಅವಧಿ ಇನ್ನೂ ಕಡಿಮೆ ಆಗುತ್ತಿದೆ. ಸರ್ಟಿಫಿಕೇಟ್ ಕೊಡುವವರು ಮತ್ತು ಬ್ರೌಸರ್ ತಯಾರಿಸುವವರು ಸೇರಿ 2025ರಲ್ಲಿ ಒಂದು ತೀರ್ಮಾನ ಮಾಡಿದರು. ಅದರಂತೆ 2029ರ ಮಾರ್ಚ್ ಹೊತ್ತಿಗೆ ಗರಿಷ್ಠ ಅವಧಿ 47 ದಿನಕ್ಕೆ ಇಳಿಯುತ್ತದೆ. ಸರ್ಟಿಫಿಕೇಟುಗಳು ಬೇಗ ಬೇಗ ಬದಲಾದಷ್ಟೂ ಯಾವುದೇ ದಿನ ನೋಡಿದರೂ ಹೊಚ್ಚ ಹೊಸ ಸರ್ಟಿಫಿಕೇಟ್ ಇರುವ ಸೈಟುಗಳ ಸಂಖ್ಯೆ ಜಾಸ್ತಿ. ಗಡಿಯಾರ ಕೆಲವೇ ದಿನ ತಪ್ಪಿದರೂ ಅದರ ಏಟು ಹೆಚ್ಚು ಕಡೆ ಬೀಳುತ್ತದೆ.

ಆಪ್ಟ್ ಬಗ್ಗೆ ಹೇಳಿದೆನಲ್ಲ, ಅದು ನನಗೆ ತುಂಬ ಇಷ್ಟವಾದ ಸಂದೇಶ. ರಿಲೀಸ್ ಫೈಲ್ ಇನ್ನೂ ಚಾಲ್ತಿಗೆ ಬಂದಿಲ್ಲ, ಇನ್ನೂ 3 ಗಂಟೆ 20 ನಿಮಿಷ ಹೋಗಬೇಕು, ಈ ಅರ್ಥ ಬರುವ ಒಂದು ಸಾಲನ್ನು ಅದು ಇಂಗ್ಲಿಷಿನಲ್ಲಿ ತೋರಿಸುತ್ತದೆ. ಜನ ಇದನ್ನು ಓದಿ, ಸರ್ವರಿನಲ್ಲಿ ಏನೋ ಕೆಲಸ ನಡೆಯುತ್ತಿದೆ, ಮೂರು ಗಂಟೆ ಬಿಟ್ಟು ನೋಡೋಣ ಅಂತ ಎದ್ದು ಹೋಗುತ್ತಾರೆ. ಆದರೆ ಅದು ಹೇಳುತ್ತಿರುವುದು ನಿಮ್ಮ ಗಡಿಯಾರದ ಬಗ್ಗೆ. ಸರ್ವರಿನಲ್ಲಿ ಫೈಲ್ ತಯಾರಾದ ಹೊತ್ತು ನಿಮ್ಮ ಗಡಿಯಾರಕ್ಕಿಂತ 3 ಗಂಟೆ 20 ನಿಮಿಷ ಮುಂದಿದೆ. ಮುಂದೆ ಬರುವ ಹೊತ್ತಿನಲ್ಲಿ ಫೈಲ್ ತಯಾರಾಗಿರಲು ಸಾಧ್ಯ ಇಲ್ಲ ಅಲ್ವಾ? ಹಾಗಾದರೆ ನಿಮ್ಮ ಗಡಿಯಾರ ಕನಿಷ್ಠ ಅಷ್ಟು ಹಿಂದೆ ಇದೆ. ತಪ್ಪು ಎಷ್ಟು ಅನ್ನುವ ಅಂದಾಜನ್ನೂ ಸಂದೇಶವೇ ಕೊಟ್ಟುಬಿಟ್ಟಿದೆ.

ಈಗ ಗಡಿಯಾರವನ್ನು ನೋಡುವುದು ಹೇಗೆ? ಟೈಮ್‌ಡೇಟ್‌ಸಿಟಿಎಲ್ ಅಂತ ಒಂದೇ ಪದ ಕೊಡಿ. ಏಳು ಸಾಲು ಬರುತ್ತವೆ. ಒಂದೊಂದನ್ನೂ ನಿಧಾನವಾಗಿ ಓದೋಣ, ಯಾಕೆಂದರೆ ಬೇಕಾದ ಸುಳಿವೆಲ್ಲ ಇಲ್ಲೇ ಇದೆ.

ಮೊದಲ ಸಾಲು ಲೋಕಲ್ ಟೈಮ್, ನಿಮ್ಮ ಊರಿನ ಹೊತ್ತು. ಎರಡನೆಯದು ಯೂನಿವರ್ಸಲ್ ಟೈಮ್, ಅಂದರೆ ಯುಟಿಸಿ, ಇಡೀ ಜಗತ್ತಿಗೆ ಒಂದೇ ಆದ ಹೊತ್ತು. ಮೂರನೆಯದು ಆರ್‌ಟಿಸಿ ಟೈಮ್, ಮದರ್‌ಬೋರ್ಡಿನ ಮೇಲಿರುವ ಬೇರೆ ಗಡಿಯಾರದ ಹೊತ್ತು. ನಾಲ್ಕನೆಯದು ಟೈಮ್ ಜೋನ್. ಐದನೆಯದು, ಸಿಸ್ಟಮ್ ಗಡಿಯಾರ ಸಿಂಕ್ ಆಗಿದೆಯಾ, ಹೌದು ಅಥವಾ ಇಲ್ಲ. ಆರನೆಯದು, ನೆಟ್ಟಿನಿಂದ ಹೊತ್ತು ತರುವ ಎನ್‌ಟಿಪಿ ಸೇವೆ ನಡೆಯುತ್ತಿದೆಯಾ. ಏಳನೆಯದು, ಮದರ್‌ಬೋರ್ಡಿನ ಗಡಿಯಾರವನ್ನು ಲೋಕಲ್ ಹೊತ್ತಿನಲ್ಲಿ ಇಟ್ಟಿದೆಯಾ.

ಐದನೆಯ ಮತ್ತು ಆರನೆಯ ಸಾಲನ್ನು ಒಂದೇ ಅಂತ ತಿಳಿಯಬೇಡಿ. ಸೇವೆ ನಡೆಯುತ್ತಿದೆ ಅಂದರೆ ಅದು ಪ್ರಯತ್ನ ಮಾಡುತ್ತಿದೆ ಅಂತ ಅಷ್ಟೆ. ಸಿಂಕ್ ಆಗಿದೆ ಅಂದರೆ ಪ್ರಯತ್ನ ಫಲಿಸಿದೆ ಅಂತ. ಸೇವೆ ಆಕ್ಟಿವ್, ಸಿಂಕ್ ಮಾತ್ರ ಇಲ್ಲ ಅಂತ ಬಂದರೆ ಸರ್ವರಿನಿಂದ ಉತ್ತರ ಬರುತ್ತಿಲ್ಲ. ಆಗ ಸೇವೆಯನ್ನು ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಬದಲಾಗುವುದಿಲ್ಲ.

ಎರಡನೆಯ ಸಾಲು, ಯುಟಿಸಿ, ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಅತಿ ಮುಖ್ಯವಾದದ್ದು. ಇದನ್ನು ಯಾರೂ ನೋಡುವುದಿಲ್ಲ. ಲಿನಕ್ಸ್ ಒಳಗೆ ಎಣಿಸುವುದು 1970ರ ಜನವರಿ 1ರಿಂದ ಎಷ್ಟು ಸೆಕೆಂಡು ಆಯಿತು ಅಂತ, ಅದೂ ಯುಟಿಸಿಯಲ್ಲಿ. ಟೈಮ್ ಜೋನ್ ಅನ್ನುವುದು ಬರೀ ತೋರಿಸುವಾಗ ಹಾಕಿಕೊಳ್ಳುವ ಕನ್ನಡಕ. ಸರ್ಟಿಫಿಕೇಟ್ ಪರೀಕ್ಷೆ ನಡೆಯುವುದು ಯುಟಿಸಿಯ ಮೇಲೆ, ಪರದೆಯಲ್ಲಿ ಕಾಣುವ ಹೊತ್ತಿನ ಮೇಲೆ ಅಲ್ಲ.

ಇದರಿಂದ ಒಂದು ಬಲೆ ಹುಟ್ಟುತ್ತದೆ. ಹೊಸದಾಗಿ ಲಿನಕ್ಸ್ ಹಾಕಿದಾಗ ಯಾರೋ ಟೈಮ್ ಜೋನ್ ತಪ್ಪಾಗಿ ಆರಿಸುತ್ತಾರೆ. ಪರದೆಯಲ್ಲಿ ಗಡಿಯಾರ ಕೆಲವು ಗಂಟೆ ತಪ್ಪು ತೋರಿಸುತ್ತದೆ. ಈ ಹಂತದಲ್ಲಿ ಯುಟಿಸಿ ಸರಿಯಾಗಿಯೇ ಇದೆ, ಎಲ್ಲ ಸೈಟುಗಳೂ ತೆರೆಯುತ್ತಿವೆ. ಆಮೇಲೆ ಅವರು ಸೆಟ್ಟಿಂಗ್ಸ್‌ಗೆ ಹೋಗಿ ಆಟೊಮ್ಯಾಟಿಕ್ ಅನ್ನುವುದನ್ನು ಆಫ್ ಮಾಡಿ, ಮುಳ್ಳನ್ನು ಕೈಯಿಂದ ತಿರುಗಿಸುತ್ತಾರೆ. ಈಗ ಪರದೆಯ ಹೊತ್ತು ಗೋಡೆ ಗಡಿಯಾರಕ್ಕೆ ಸರಿಯಾಗಿ ಹೊಂದುತ್ತದೆ. ಆದರೆ ಒಳಗೆ ಯುಟಿಸಿ ಕೆಲವು ಗಂಟೆ ಕೆಟ್ಟುಹೋಯಿತು. ಮೊಬೈಲಿನ ಆ್ಯಪ್ ತೋರಿಸುವ ಆರಂಕಿಯ ಲಾಗಿನ್ ಕೋಡಿನ ಥರದ್ದನ್ನು ಈ ಕಂಪ್ಯೂಟರಿನಲ್ಲೇ ತಯಾರಿಸುತ್ತಿದ್ದರೆ ಅದು ಆ ಕ್ಷಣವೇ ಕೆಡುತ್ತದೆ, ಅಂಥ ಕೋಡುಗಳು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತವೆ. ಆಪ್ಟ್ ಕೆಡುತ್ತದೆ. ಆಗೊಂದು ಈಗೊಂದು ಸೈಟ್ ಕೈ ಕೊಡುತ್ತದೆ. ನೋಡುವವರಿಗೆ ಗಡಿಯಾರ ಸರಿಯಾಗಿಯೇ ಕಾಣುತ್ತಿರುವುದರಿಂದ ಅದರ ಮೇಲೆ ಸಂಶಯವೇ ಬರುವುದಿಲ್ಲ. ಆದ್ದರಿಂದ ಪರದೆಯ ಹೊತ್ತು ತಪ್ಪಿದ್ದರೆ ಮೊದಲು ಜೋನ್ ನೋಡಿ, ಆಮೇಲೆ ಯುಟಿಸಿ ನೋಡಿ. ಹೊತ್ತನ್ನು ತಿರುಗಿಸುವುದು ಕೊನೆಯ ಕೆಲಸ.

ಮದರ್‌ಬೋರ್ಡಿನ ಗಡಿಯಾರದ ವಿಷಯಕ್ಕೆ ಬರೋಣ. ಕಂಪ್ಯೂಟರಿನಲ್ಲಿ ಎರಡು ಗಡಿಯಾರ ಇವೆ. ಒಂದು ಲಿನಕ್ಸಿನ ತಿರುಳಾದ ಕರ್ನಲ್ ನಡೆಸುವುದು, ಕಂಪ್ಯೂಟರ್ ಆನ್ ಇರುವಾಗ ಮಾತ್ರ. ಇನ್ನೊಂದು ಆರ್‌ಟಿಸಿ, ಕಂಪ್ಯೂಟರ್ ಆಫ್ ಇದ್ದಾಗಲೂ ನಡೆಯುವುದು. ಅದರೊಳಗೆ ಸೆಕೆಂಡಿಗೆ 32,768 ಸಲ ಮಿಡಿಯುವ ಒಂದು ಸಣ್ಣ ಕ್ವಾರ್ಟ್ಜ್ ಹರಳು ಇದೆ. ಕೈಗಡಿಯಾರದಲ್ಲಿ ಇರುವುದೂ ಇಂಥದ್ದೇ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದು ಬರುತ್ತದೆ, ಅಂದರೆ ಸೆಕೆಂಡಿಗೆ ಒಂದು ಮಿಡಿತ. ಹರಳು ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದರೂ ದಿನಕ್ಕೆ 1.7 ಸೆಕೆಂಡು ವ್ಯತ್ಯಾಸ ಬರುತ್ತದೆ. ತಿಂಗಳಿಗೆ ಸುಮಾರು 50 ಸೆಕೆಂಡು. ಯಾರ ತಪ್ಪೂ ಇಲ್ಲದೆ ಇಷ್ಟು ಆಗುತ್ತದೆ, ಅದಕ್ಕೇ ನೆಟ್ಟಿನಿಂದ ಸರಿ ಮಾಡಿಕೊಳ್ಳುತ್ತಲೇ ಇರಬೇಕು.

ಡೆಸ್ಕ್‌ಟಾಪಿನಲ್ಲಿ ಈ ಆರ್‌ಟಿಸಿಗೆ ಶಕ್ತಿ ಕೊಡುವುದು ಮದರ್‌ಬೋರ್ಡಿನ ಮೇಲಿನ ಬಿಲ್ಲೆ ಆಕಾರದ ಬ್ಯಾಟರಿ. ಹೆಚ್ಚಿನವುಗಳಲ್ಲಿ ಸಿಆರ್ 2032, 3 ವೋಲ್ಟಿನದು. ಅದು ಖಾಲಿಯಾದಾಗ ಕಾಣುವ ಲಕ್ಷಣ ಸ್ವಲ್ಪ ಮೋಸ ಮಾಡುತ್ತದೆ. ಕಂಪ್ಯೂಟರ್ ಶಟ್‌ಡೌನ್ ಮಾಡಿದರೂ ಗೋಡೆಯ ಸ್ವಿಚ್ ಆನ್ ಇದ್ದರೆ ಮದರ್‌ಬೋರ್ಡಿಗೆ ಸ್ವಲ್ಪ ಕರೆಂಟ್ ಬರುತ್ತಲೇ ಇರುತ್ತದೆ, ಆರ್‌ಟಿಸಿ ಅದರಲ್ಲೇ ನಡೆಯುತ್ತದೆ. ಬ್ಯಾಟರಿ ಸತ್ತಿದ್ದರೂ ಗೊತ್ತಾಗುವುದಿಲ್ಲ. ಗೋಡೆಯ ಸ್ವಿಚ್ಚನ್ನೇ ಆಫ್ ಮಾಡಿದ ದಿನ ಮಾತ್ರ ತೊಂದರೆ. ಕೆಲವು ದಿನ ಸರಿ, ಕೆಲವು ದಿನ ಕೆಡುತ್ತದೆ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಇದನ್ನೇ: ರಾತ್ರಿ ಮೇನ್ ಸ್ವಿಚ್ ಆಫ್ ಮಾಡುತ್ತೀರಾ?

ಬ್ಯಾಟರಿ ಸತ್ತರೆ ತಾರೀಖು 1970ಕ್ಕೋ 2000ದ ಆಸುಪಾಸಿಗೋ ಹೋಗುತ್ತದೆ ಅಂತ ನೀವು ಕೇಳಿರಬಹುದು. ನೆಟ್ಟಿನಿಂದ ಗಡಿಯಾರ ಹೊಂದಿಸುವ ಸಿಸ್ಟಮ್‌ಡಿ ಟೈಮ್‌ಸಿಂಕ್‌ಡಿ ಅನ್ನುವ ಸೇವೆ ಇರುವ ಕಂಪ್ಯೂಟರಿನಲ್ಲಿ ಹಾಗೆ ಆಗುವುದಿಲ್ಲ. ಅದು ಆಗಾಗ ಒಂದು ಫೈಲಿನಲ್ಲಿ ಈಗಿನ ಹೊತ್ತನ್ನು ಗುರುತು ಹಾಕಿಡುತ್ತದೆ. ಮುಂದಿನ ಸಲ ಬೂಟ್ ಆದಾಗ ಆರ್‌ಟಿಸಿ ಅದಕ್ಕಿಂತ ಹಿಂದಿನ ಹೊತ್ತು ಹೇಳಿದರೆ, ಗುರುತು ಹಾಕಿದ ಹೊತ್ತಿಗೆ ಗಡಿಯಾರವನ್ನು ಎಳೆಯುತ್ತದೆ. ಒಳ್ಳೆಯ ಉಪಾಯ. ಆದರೆ ಫಲ ಏನು? ನೀವು ನಿನ್ನೆ ರಾತ್ರಿ ಒಂಬತ್ತೂವರೆಗೆ ಶಟ್‌ಡೌನ್ ಮಾಡಿದ್ದರೆ ಇವತ್ತು ಬೆಳಗ್ಗೆ ಗಡಿಯಾರ ನಿನ್ನೆ ರಾತ್ರಿ ಒಂಬತ್ತೂವರೆಯಿಂದಲೇ ಶುರುವಾಗುತ್ತದೆ. ತಾರೀಖು ಹೆಚ್ಚುಕಡಿಮೆ ಸರಿ ಕಾಣುವುದರಿಂದ ಬ್ಯಾಟರಿ ನೆನಪಿಗೇ ಬರುವುದಿಲ್ಲ. ಬೂಟ್ ಆದ ತಕ್ಷಣ ಗಡಿಯಾರ ಹಿಂದಿನ ಶಟ್‌ಡೌನ್ ಹೊತ್ತನ್ನು ತೋರಿಸಿದರೆ ಬ್ಯಾಟರಿಯ ಮೇಲೆ ಸಂಶಯ ಪಡಿ.

ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವ ಕಂಪ್ಯೂಟರಿನಲ್ಲಿ ಬೇರೆ ಕಥೆ. ವಿಂಡೋಸ್ ಆರ್‌ಟಿಸಿಯಲ್ಲಿ ಲೋಕಲ್ ಹೊತ್ತನ್ನು ಬರೆಯುತ್ತದೆ, ಲಿನಕ್ಸ್ ಅದನ್ನು ಯುಟಿಸಿ ಅಂತ ಓದುತ್ತದೆ. ಯುಟಿಸಿಗೂ ನಿಮ್ಮ ಜೋನಿಗೂ ಎಷ್ಟು ಅಂತರವೋ ಸರಿಯಾಗಿ ಅಷ್ಟೇ ತಪ್ಪು ಬರುತ್ತದೆ. ತಪ್ಪು ಅಷ್ಟು ನಿಖರವಾಗಿದ್ದರೆ ಬ್ಯಾಟರಿ ಬದಲಿಸಲು ಹೋಗಬೇಡಿ. ಟೈಮ್‌ಡೇಟ್‌ಸಿಟಿಎಲ್‌ನಲ್ಲೇ ಆರ್‌ಟಿಸಿಯನ್ನು ಲೋಕಲ್ ಮಾಡುವ ಆಯ್ಕೆ ಇದೆ, ಆದರೆ ಮಾಡಿದರೆ ಅದೇ ಎಚ್ಚರಿಕೆ ಕೊಡುತ್ತದೆ. ವರ್ಷಕ್ಕೆರಡು ಸಲ ಗಡಿಯಾರ ಹಿಂದೆ ಮುಂದೆ ಮಾಡುವ ದೇಶಗಳಲ್ಲಿ ಎರಡೂ ಸಿಸ್ಟಮ್ಮುಗಳು ಒಂದೇ ಗಡಿಯಾರವನ್ನು ತಿದ್ದಿ ಗೊಂದಲ ಮಾಡುತ್ತವೆ. ವಿಂಡೋಸ್ ರಿಜಿಸ್ಟ್ರಿಯಲ್ಲಿ ರಿಯಲ್‌ಟೈಮ್‌ಈಸ್‌ಯೂನಿವರ್ಸಲ್ ಅನ್ನುವ ಮೌಲ್ಯವನ್ನು 1 ಮಾಡಿ ಅದನ್ನೂ ಯುಟಿಸಿಗೆ ತರುವುದೇ ಒಳ್ಳೆಯದು.

ಇನ್ನು ಎನ್‌ಟಿಪಿ. ಇದು ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಇದು ಅಷ್ಟು ಚೆಂದ ಇದೆ. ಡೆಲವೇರ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಸ್ ಇದನ್ನು ರೂಪಿಸಿದವರು. ಮೊದಲ ದಾಖಲೆ ಬಂದದ್ದು 1985ರಲ್ಲಿ. ಸಮಸ್ಯೆ ಏನೆಂದರೆ, ಸರ್ವರ್ ಈಗ ಹೊತ್ತು ಇಷ್ಟು ಅಂತ ಹೇಳಿದ ಉತ್ತರ ನಿಮ್ಮ ಹತ್ತಿರ ಬರುವಷ್ಟರಲ್ಲಿ ಸ್ವಲ್ಪ ಸಮಯ ಕಳೆದಿರುತ್ತದೆ. ಎಷ್ಟು ಕಳೆಯಿತು ಅಂತ ಅಳೆಯಲು ನಿಮ್ಮ ಗಡಿಯಾರವೇ ಸರಿ ಇಲ್ಲ. ಮತ್ತೆ ಹೇಗೆ?

ನಾಲ್ಕು ಹೊತ್ತುಗಳನ್ನು ಬರೆದುಕೊಳ್ಳುತ್ತದೆ. ನಾವು ಕಳಿಸಿದ ಹೊತ್ತು ನಮ್ಮ ಗಡಿಯಾರದಲ್ಲಿ 0 ಮಿಲಿಸೆಕೆಂಡ್ ಅಂತ ಇಟ್ಟುಕೊಳ್ಳಿ. ಸರ್ವರಿಗೆ ತಲುಪಿದ್ದು ಅದರ ಗಡಿಯಾರದಲ್ಲಿ 5040. ಸರ್ವರ್ ಉತ್ತರ ಕಳಿಸಿದ್ದು 5050. ನಮಗೆ ಬಂದದ್ದು ನಮ್ಮ ಗಡಿಯಾರದಲ್ಲಿ 90. ಹೋಗುವಾಗ ಕಂಡ ವ್ಯತ್ಯಾಸ 5040. ಬರುವಾಗ ಕಂಡದ್ದು 5050ರಲ್ಲಿ 90 ಕಳೆದರೆ 4960. ಎರಡರ ಸರಾಸರಿ 5000. ಅಂದರೆ ನಮ್ಮ ಗಡಿಯಾರ ಸರಿಯಾಗಿ 5 ಸೆಕೆಂಡು ಹಿಂದಿದೆ. ದಾರಿಯಲ್ಲಿ ಕಳೆದ ಸಮಯ? ಒಟ್ಟು 90ರಲ್ಲಿ ಸರ್ವರ್ ಒಳಗೆ ಕಳೆದ 10 ತೆಗೆದರೆ 80 ಮಿಲಿಸೆಕೆಂಡ್. ಹೋಗುವ ದಾರಿ ಮತ್ತು ಬರುವ ದಾರಿ ಒಂದೇ ಹೊತ್ತು ತೆಗೆದುಕೊಂಡರೆ ಲೆಕ್ಕ ಪೂರ್ತಿ ಸರಿ. ಒಂದು ಕಡೆ ಜಾಸ್ತಿ ತಡವಾದರೆ ಆ ವ್ಯತ್ಯಾಸದ ಅರ್ಧದಷ್ಟು ತಪ್ಪು ಉಳಿಯುತ್ತದೆ. ಡೆಸ್ಕ್‌ಟಾಪಿಗೆ ಅಷ್ಟು ತಪ್ಪು ಏನೇನೂ ಅಲ್ಲ. ಸುಮ್ನೆ ಎರಡು ಪ್ಯಾಕೆಟ್ಟು ಮತ್ತು ಶಾಲೆಯ ಗಣಿತದಲ್ಲಿ ಇಡೀ ಜಗತ್ತಿನ ಕಂಪ್ಯೂಟರುಗಳು ಹೊತ್ತು ಹೊಂದಿಸಿಕೊಳ್ಳುತ್ತವೆ.

ಈ ಪ್ಯಾಕೆಟ್ಟುಗಳು ಹೋಗುವುದು ಯುಡಿಪಿ 123ನೇ ಪೋರ್ಟಿನಲ್ಲಿ. ವೆಬ್ ಪೇಜುಗಳ ಪೋರ್ಟ್ ಬೇರೆ, 443. ಆದ್ದರಿಂದ ಎಲ್ಲ ಪೇಜುಗಳೂ ತೆರೆಯುವ ನೆಟ್‌ವರ್ಕಿನಲ್ಲೂ ಎನ್‌ಟಿಪಿ ಮಾತ್ರ ಬಂದ್ ಆಗಿರಬಹುದು. ಕಚೇರಿ, ಕಾಲೇಜು, ಹೋಟೆಲಿನ ನೆಟ್‌ವರ್ಕುಗಳಲ್ಲಿ ಇದು ಸಾಮಾನ್ಯ. ಸಿಸ್ಟಮ್ಮಿನ ದಾಖಲೆ ತೋರಿಸುವ ಜರ್ನಲ್‌ಸಿಟಿಎಲ್‌ನಲ್ಲಿ ಟೈಮ್‌ಸಿಂಕ್‌ಡಿಯ ಸಾಲುಗಳನ್ನು ನೋಡಿ. ಉತ್ತರಕ್ಕೆ ಕಾದು ಟೈಮ್‌ಡ್ ಔಟ್ ಆಯಿತು ಅಂತ ಇದ್ದು, ಪಕ್ಕದಲ್ಲಿ ಒಂದು ಐಪಿ, ಕೊಲನ್, 123 ಅಂತ ಕಂಡರೆ ಇದೇ ಕಾರಣ ಇರಬಹುದು. ಐಪಿ ಇದೆ ಅಂದರೆ ಡಿಎನ್‌ಎಸ್ ಕೆಲಸ ಮಾಡಿದೆ, ಹೆಸರು ನಂಬರಾಗಿದೆ, ಪ್ಯಾಕೆಟ್ ಮಾತ್ರ ವಾಪಸ್ ಬಂದಿಲ್ಲ. ಮೊಬೈಲ್ ಹಾಟ್‌ಸ್ಪಾಟಿಗೆ ಸೇರಿ ನೋಡಿ. ಅಲ್ಲಿ ತಕ್ಷಣ ಸಿಂಕ್ ಆದರೆ ನಿಮ್ಮ ಕಂಪ್ಯೂಟರಿನಲ್ಲಿ ಏನೂ ತೊಂದರೆ ಇಲ್ಲ. ಆ ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಕೇಳಿದರೆ ಒಳಗಿನ ಒಂದು ಎನ್‌ಟಿಪಿ ಸರ್ವರಿನ ವಿಳಾಸ ಕೊಡುತ್ತಾರೆ. ಅದನ್ನು ಟೈಮ್‌ಸಿಂಕ್‌ಡಿ ಡಾಟ್ ಕಾನ್ಫ್ ಫೈಲಿನ ಎನ್‌ಟಿಪಿ ಸಾಲಿನಲ್ಲಿ ಬರೆದು ಸೇವೆಯನ್ನು ರೀಸ್ಟಾರ್ಟ್ ಮಾಡಿ.

ಈಗ ಮೊದಲು ಹೇಳಿದ ಸುತ್ತಿಗೆ ಬರೋಣ. ಡಿಎನ್‌ಎಸ್ ಸೆಕ್ ಆನ್ ಮಾಡಿರುವ ಕಂಪ್ಯೂಟರನ್ನು ತೆಗೆದುಕೊಳ್ಳಿ. ಡಿಎನ್‌ಎಸ್ ಉತ್ತರಗಳಿಗೆ ಸಹಿ ಇರುತ್ತದೆ, ಸಹಿಗೂ ಶುರು ಮತ್ತು ಕೊನೆಯ ತಾರೀಖು ಇರುತ್ತದೆ. ಗಡಿಯಾರ ತಪ್ಪಿದ್ದರೆ ಸಹಿ ಚಾಲ್ತಿಯಲ್ಲಿಲ್ಲ ಅಂತ ಉತ್ತರವನ್ನೇ ತಿರಸ್ಕರಿಸುತ್ತದೆ. ಆಗ ಎನ್‌ಟಿಪಿ ಸರ್ವರಿನ ಹೆಸರೂ ಸಿಗುವುದಿಲ್ಲ. ಹೆಸರು ಸಿಗದೆ ಹೊತ್ತು ಸಿಗುವುದಿಲ್ಲ, ಹೊತ್ತು ಸಿಗದೆ ಹೆಸರು ಸಿಗುವುದಿಲ್ಲ. ಸರ್ಟಿಫಿಕೇಟ್ ಪರೀಕ್ಷಿಸುವ ಗೂಢಲಿಪಿಯ ಡಿಎನ್‌ಎಸ್ ಹಾಕಿಕೊಂಡವರಿಗೂ ಇದೇ ಪಾಡು. ಈ ಕಷ್ಟ ಸಾಫ್ಟ್‌ವೇರ್ ಬರೆಯುವವರಿಗೂ ಗೊತ್ತಿದೆ. ಅದಕ್ಕೇ ಹೊಸ ಟೈಮ್‌ಸಿಂಕ್‌ಡಿ ತನ್ನ ಸರ್ವರಿನ ಹೆಸರು ಹುಡುಕುವಾಗ ಮಾತ್ರ ಈ ಸಹಿ ಪರೀಕ್ಷೆಯನ್ನು ಬಿಟ್ಟುಬಿಡುತ್ತದೆ. ಹಳೆಯ ಆವೃತ್ತಿಗಳಲ್ಲಿ ಆ ಅನುಕೂಲ ಇಲ್ಲ.

ಸುತ್ತನ್ನು ಕಡಿಯುವುದು ನಿಮ್ಮ ಕೈಯಲ್ಲೇ ಇದೆ. ಮೊಬೈಲ್ ನೋಡಿ ಹೊತ್ತನ್ನು ಕೈಯಿಂದ ಇಡಿ. ಟೈಮ್‌ಡೇಟ್‌ಸಿಟಿಎಲ್ ಸೆಟ್ ಟೈಮ್ ಅಂತ ನೇರವಾಗಿ ಕೊಟ್ಟರೆ ಅದು ಒಪ್ಪುವುದಿಲ್ಲ, ಆಟೊಮ್ಯಾಟಿಕ್ ಸಿಂಕ್ ಆನ್ ಇದೆ ಅಂತ ಹೇಳುತ್ತದೆ. ಇಲ್ಲಿ ಬಹಳ ಜನ ನಿಂತುಬಿಡುತ್ತಾರೆ. ಮೊದಲು ಸೆಟ್ ಎನ್‌ಟಿಪಿ ಫಾಲ್ಸ್ ಕೊಡಿ. ಆಮೇಲೆ ಹೊತ್ತು ಇಡಿ, ವರ್ಷ, ತಿಂಗಳು, ದಿನ, ಗಂಟೆ, ಈ ಕ್ರಮದಲ್ಲಿ. ಒಂದೆರಡು ನಿಮಿಷ ಆಚೀಚೆ ಆದರೂ ಚಿಂತೆ ಇಲ್ಲ. ನಮಗೆ ಬೇಕಾಗಿರುವುದು ಸಹಿ ಮತ್ತು ಸರ್ಟಿಫಿಕೇಟುಗಳು ಒಪ್ಪುವಷ್ಟು ಸರಿ. ಆಮೇಲೆ ಸೆಟ್ ಎನ್‌ಟಿಪಿ ಟ್ರೂ ಕೊಡಿ. ಇದನ್ನು ಮರೆತರೆ ಗಡಿಯಾರ ಮತ್ತೆ ದಿನದಿಂದ ದಿನಕ್ಕೆ ಜಾರುತ್ತದೆ. ಉಳಿದ ಸೆಕೆಂಡುಗಳನ್ನು ಎನ್‌ಟಿಪಿ ತಾನೇ ಸರಿ ಮಾಡುತ್ತದೆ.

ಒಬ್ಬರು ಈಗ ಕೇಳಿದರು, ಕೈಯಲ್ಲಿ ಬೇರೆ ಗಡಿಯಾರವೇ ಇಲ್ಲದೆ ದೂರದ ಕಂಪ್ಯೂಟರಿನಲ್ಲಿ ಕೂತಿದ್ದರೆ, 123 ಕೂಡ ಬಂದ್ ಆಗಿದ್ದರೆ? ಆಗ ಒಂದು ದಾರಿ ಇದೆ. ಯಾವುದಾದರೂ ದೊಡ್ಡ ಸೈಟಿಗೆ ಎಸ್ ಇಲ್ಲದ ಬರೀ ಎಚ್‌ಟಿಟಿಪಿ ಹಾಕಿ, ಕರ್ಲ್ ಕಮಾಂಡಿಗೆ ಹೆಡರ್ ಮಾತ್ರ ತೋರಿಸು ಅಂತ ಹೇಳಿ. ಉತ್ತರದಲ್ಲಿ ಡೇಟ್ ಅಂತ ಒಂದು ಸಾಲು ಇರುತ್ತದೆ, ಜಿಎಂಟಿಯಲ್ಲಿ ಸೆಕೆಂಡಿನವರೆಗೂ ಹೊತ್ತು ಕೊಡುತ್ತದೆ. ಸರ್ಟಿಫಿಕೇಟ್ ಬೇಕಿಲ್ಲದ ಕಾರಣ ಗಡಿಯಾರ ಎಷ್ಟೇ ತಪ್ಪಿದ್ದರೂ ಇದು ಬರುತ್ತದೆ. ಆದರೆ ಇದಕ್ಕೆ ಸಹಿ ಇಲ್ಲ, ನಡುವೆ ಯಾರು ಬೇಕಾದರೂ ತಿದ್ದಬಹುದು. ನೀವು ನಂಬುವ ನೆಟ್‌ವರ್ಕಿನಲ್ಲಿ, ಬೇರೆ ದಾರಿ ಇಲ್ಲದಾಗ ಮಾತ್ರ ಇಟ್ಟುಕೊಳ್ಳಿ.

ಇನ್ನೊಂದು ಪ್ರಶ್ನೆ ಕ್ರೋನಿ ಬಗ್ಗೆ ಬಂದಿದೆ. ಫೆಡೋರಾ ಅನ್ನುವ ಲಿನಕ್ಸಿನಲ್ಲಿ ಟೈಮ್‌ಸಿಂಕ್‌ಡಿ ಬದಲು ಅದೇ ಕೆಲಸ ಮಾಡುವ ಕ್ರೋನಿ ಇರುತ್ತದೆ. ಎರಡನ್ನೂ ಒಟ್ಟಿಗೆ ನಡೆಸಬೇಡಿ, ಗಡಿಯಾರವನ್ನು ತಿದ್ದುವವರು ಒಬ್ಬರೇ ಇರಬೇಕು. ಕ್ರೋನಿ ಇದ್ದರೆ ಕ್ರೋನಿಸಿ ಸೋರ್ಸಸ್ ಅಂತ ಕೊಡಿ, ನಕ್ಷತ್ರದ ಗುರುತು ಇರುವ ಸರ್ವರನ್ನು ಅದು ಆರಿಸಿಕೊಂಡಿದೆ ಅಂತ ಅರ್ಥ. ಎಲ್ಲದರ ಮುಂದೆಯೂ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಯಾವುದೂ ಬಳಕೆಗೆ ಸಿಕ್ಕಿಲ್ಲ.

ಕ್ರೋನಿ ಬಳಸುವವರು ಸ್ಟೆಪ್ ಮತ್ತು ಸ್ಲೂ ಅನ್ನುವ ಎರಡು ಬಗೆಯನ್ನು ತಿಳಿದಿರಬೇಕು. ಸ್ಟೆಪ್ ಅಂದರೆ ಹೊತ್ತನ್ನು ಒಮ್ಮೆಲೇ ಹಾರಿಸುವುದು. ಸ್ಲೂ ಅಂದರೆ ಗಡಿಯಾರವನ್ನು ಸ್ವಲ್ಪ ವೇಗವಾಗಿ ಅಥವಾ ನಿಧಾನವಾಗಿ ಓಡಿಸಿ ಮೆಲ್ಲಗೆ ಸರಿ ಮಾಡುವುದು. ಮಾಮೂಲಿ ಕಾನ್ಫಿಗರೇಷನ್‌ನಲ್ಲಿ ಕ್ರೋನಿ ಶುರುವಾದ ಮೇಲಿನ ಮೊದಲ ಮೂರು ತಿದ್ದುಪಡಿಗಳಲ್ಲಿ ಮಾತ್ರ, ತಪ್ಪು 1 ಸೆಕೆಂಡಿಗಿಂತ ಜಾಸ್ತಿ ಇದ್ದರೆ, ಹಾರಿಸುತ್ತದೆ. ಆಮೇಲೆ ಏನೇ ತಪ್ಪಿದ್ದರೂ ಮೆಲ್ಲಗೇ. ಲಿನಕ್ಸಿನಲ್ಲಿ ಅದರ ಗರಿಷ್ಠ ವೇಗ ಹನ್ನೆರಡರಲ್ಲಿ ಒಂದು ಭಾಗದಷ್ಟು. ಅಂದರೆ ಒಂದು ಗಂಟೆಯ ತಪ್ಪನ್ನು ತಿದ್ದಲು ಹನ್ನೆರಡು ಗಂಟೆ ಬೇಕು. ನಿಲ್ಲಿಸಿಟ್ಟಿದ್ದ ವರ್ಚುವಲ್ ಮಷೀನನ್ನು ಎಬ್ಬಿಸಿದಾಗ ಇದು ಕಾಣಿಸುತ್ತದೆ. ಸೇವೆ ನಡೆಯುತ್ತಿದೆ, ಸರ್ವರ್ ಸಿಕ್ಕಿದೆ, ನಕ್ಷತ್ರವೂ ಇದೆ, ಹೊತ್ತು ಮಾತ್ರ ತಪ್ಪು. ಕೆಟ್ಟಿರುವುದು ಏನೂ ಇಲ್ಲ, ಅದು ನಿಧಾನವಾಗಿ ಸರಿ ಮಾಡುತ್ತಿದೆ ಅಷ್ಟೆ. ಕಾಯಲು ಆಗದಿದ್ದರೆ ಕ್ರೋನಿಸಿ ಮೇಕ್‌ಸ್ಟೆಪ್ ಅಂತ ಸೂಡೊ ಜೊತೆ ಕೊಡಿ, ಆ ಕ್ಷಣವೇ ಹಾರಿಸುತ್ತದೆ. ಆಮೇಲೆ ಬ್ರೌಸರಿನಲ್ಲಿ ಅದೇ ಪೇಜನ್ನು ರೀಲೋಡ್ ಮಾಡಿ ನೋಡಿ.